ಹೆದರಿಕೆಗೆ ಬೇರೆ ಔಷಧ, ನೋವಿಗೆ ಬೇರೆ

"ಚಿಕ್ಕ ಆಪರೇಷನ್ ಅಷ್ಟೇ" ಎನ್ನುತ್ತಾರೆ ಡಾಕ್ಟರು. ಚಿಕ್ಕದು ಅವರಿಗೆ! ಹಿಂದಿನ ರಾತ್ರಿ ದೋಸೆಗೆ ರುಬ್ಬಿಟ್ಟು, ಮಕ್ಕಳ ಬಟ್ಟೆ ಮಡಿಸಿಟ್ಟು, ನಿದ್ದೆ ಬಾರದೆ ಹೊರಳಾಡುವ ನಮಗಲ್ಲ. ನೀವೇ ಹೇಳಿ, ನಿಜ ತಾನೆ?

ನಮ್ಮ ಮನೆಯಲ್ಲಿ ಇಂಥ ಆಪರೇಷನ್ ಇಬ್ಬರಿಗಾಯಿತು. ನನಗೆ ಬೆನ್ನಿನ ಮೇಲೆ ಕೊಬ್ಬಿನ ಗಂಟು. ನನ್ನ ಓರಗಿತ್ತಿಗೆ ಎದೆಯಲ್ಲಿ ಗಂಟು. ನನಗೆ ಮೊದಲೇ ಒಂದು ಪ್ಯಾರಸಿಟಮಾಲ್ ನುಂಗಿಸಿ, ಜಾಗ ಮರಗಟ್ಟುವ ಲಿಗ್ನೋಕೇನ್ ಚುಚ್ಚಿದರು. ಅಷ್ಟು ಸಾಕಾಯಿತು. ಅವಳಿಗೋ, ಸೂಜಿ ಕಂಡರೇ ಮೈಯೆಲ್ಲ ಬೆವರು. ಆ ಭಯದಲ್ಲೇ ನಾಲ್ಕು ತಿಂಗಳು ಗಂಟಿನ ವಿಷಯ ಯಾರಿಗೂ ಹೇಳಿರಲಿಲ್ಲ. ಪುಣ್ಯಕ್ಕೆ ಅದು ಕ್ಯಾನ್ಸರ್ ಆಗಿರಲಿಲ್ಲ. ಆಗಿದ್ದರೆ ಆ ನಾಲ್ಕು ತಿಂಗಳನ್ನು ಯಾರು ತಂದುಕೊಡುತ್ತಿದ್ದರು?

ಡಾಕ್ಟರು ಅವಳ ಭಯ ಗಮನಿಸಿ, ಲಿಗ್ನೋಕೇನ್‌ಗೆ ಮೊದಲು ರಕ್ತನಾಳಕ್ಕೆ ಮಿಡಜೋಲಮ್ ಕೊಟ್ಟರು. ಎಲ್ಲ ಮುಗಿದು ಪಟ್ಟಿ ಕಟ್ಟಿದ ಮೇಲೆ, "ಯಾವಾಗ ಶುರು ಮಾಡ್ತಾರಕ್ಕಾ?" ಅಂತ ನನ್ನನ್ನೇ ಕೇಳಿದಳು!

ಈ ಔಷಧಗಳ ಗುಣ ತಿಳಿದಿರಲಿ. ಮಿಡಜೋಲಮ್ ಬೇಗ ಮನಸ್ಸನ್ನು ಶಾಂತಗೊಳಿಸುತ್ತದೆ, ಆ ಹೊತ್ತಿನ ನೆನಪನ್ನೂ ಅಳಿಸುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. 1963ರಲ್ಲಿ ವೇಲಿಯಂ ಹೆಸರಿನಲ್ಲಿ ಬಂದ ಡಯಾಜೆಪಾಮ್ ಅದರದೇ ಜಾತಿ. ಆದರೆ ಅದರ ಮಂಪರು ಮರುದಿನಕ್ಕೂ ಉಳಿಯಬಹುದು. ಇವೆರಡೂ ಭಯ ಕಳೆಯುತ್ತವೆಯೇ ಹೊರತು ನೋವು ಕಳೆಯುವುದಿಲ್ಲ. ನೋವಿಗೆ ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ಇವೆ. ಅವುಗಳಿಗೆ ಭಯದ ಗೊಡವೆಯಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಡೈಕ್ಲೋಫೆನಾಕ್ ಆಗದು. ಮಂಪರಿನ ಔಷಧದ ಜೊತೆ ಅಫೀಮು ವರ್ಗದ ನೋವಿನ ಇಂಜೆಕ್ಷನ್ ಸೇರಿದರೆ ಉಸಿರಾಟ ನಿಧಾನವಾಗಬಹುದು. ಅದಕ್ಕೇ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡುತ್ತಿರುತ್ತಾರೆ, ಗಾಬರಿಯಾಗಬೇಡಿ.

ಇಷ್ಟು ಮಾಡಿ. ಪಕ್ಕದ ಮನೆಯವರು ಕೊಟ್ಟ ನಿದ್ದೆಮಾತ್ರೆ ನುಂಗಿ ಹೋಗಬೇಡಿ. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು, ಉಬ್ಬಸವಿದ್ದರೆ ಅದನ್ನು, ಬಸುರಿಯಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಮಂಪರು ಕೊಡುವುದಾದರೆ ಸಾಮಾನ್ಯವಾಗಿ 6 ಗಂಟೆ ಮೊದಲೇ ಊಟ ತಿಂಡಿ ನಿಲ್ಲಿಸಬೇಕು. ಬರೀ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲು ಹಾಕಿದ ಕಾಫಿ ಊಟದ ಲೆಕ್ಕಕ್ಕೇ ಸೇರುತ್ತದೆ, ನೆನಪಿರಲಿ! ಜೊತೆಗೆ ಯಾರಾದರೂ ಬರಲಿ. ಆ ದಿನ ಒಲೆಯ ಮುಂದೆ ನಿಲ್ಲಬೇಡಿ, ಸ್ಕೂಟರ್ ಮುಟ್ಟಬೇಡಿ.

ಮುಖ್ಯವಾಗಿ, "ನನಗೆ ಭಯವಾಗ್ತಿದೆ ಡಾಕ್ಟರೇ" ಅನ್ನುವುದಕ್ಕೆ ಸಂಕೋಚಪಡಬೇಡಿ. ಹೇಳಿದರೆ ತಾನೇ ಅವರು ಅದಕ್ಕೂ ಔಷಧ ಕೊಡುವುದು?