ಆ ಹನ್ನೆರಡು ಪದಗಳು

ಬ್ಯಾಂಕಿನ ಪಾಸ್‌ವರ್ಡ್ ಮರೆತರೆ ಆಧಾರ್, ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಬಹುದು. ಸ್ವಂತ ಕ್ರಿಪ್ಟೊ ವಾಲೆಟ್‌ಗೆ ಶಾಖೆಯೂ ಇಲ್ಲ, ಮ್ಯಾನೇಜರೂ ಇಲ್ಲ. ಇರುವುದು 12 ಅಥವಾ 24 ಪದಗಳ ರಿಕವರಿ ಫ್ರೇಸ್ ಮಾತ್ರ. 2,048 ಪದಗಳ ಪಟ್ಟಿಯಿಂದ ಆಯ್ದ ಸಾಲು ಅದು. ಕ್ರಮ ತಪ್ಪಿದರೂ ಕೆಲಸಕ್ಕೆ ಬಾರದು. ಅದು ಯಾರ ಕೈಯಲ್ಲಿದೆಯೋ ದುಡ್ಡು ಅವರದು.

ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಜೇಮ್ಸ್ ಹೊವೆಲ್ಸ್ ಅವರ ಸುಮಾರು 8,000 ಬಿಟ್‌ಕಾಯಿನ್‌ಗಳ ಪ್ರೈವೇಟ್ ಕೀ (ಆ ಪದಗಳಂತೆಯೇ ದುಡ್ಡನ್ನು ಕೈಗೆ ಕೊಡುವ ಗುಪ್ತ ಸಂಕೇತ) ಇದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸಕ್ಕೆ ಹೋಯಿತು. ಕಸದ ರಾಶಿ ಅಗೆಯಲು ನಗರಾಡಳಿತ ಬಿಡಲಿಲ್ಲ. 2025ರ ಜನವರಿಯಲ್ಲಿ ಹೈಕೋರ್ಟ್ ಕೂಡ ಅವರ ದಾವೆ ವಜಾ ಮಾಡಿತು.

ಹಾಗಾದರೆ ಆ ಪದಗಳನ್ನು ಕಾಪಾಡುವುದು ಹೇಗೆ? ಅವುಗಳ ಸ್ಕ್ರೀನ್‌ಶಾಟ್ ತೆಗೆದರೆ ಅದು ನಿಮಗೇ ಗೊತ್ತಿಲ್ಲದೆ ಕ್ಲೌಡ್ ಸೇರಿಬಿಡಬಹುದು. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದೂ ಬೇಡ. ಒಂದು, ಎರಡು ಎಂದು ಅಂಕಿ ಹಾಕಿ ಕಾಗದದ ಮೇಲೆ ಕೈಯಾರೆ ಬರೆದು ಎರಡು ಬೇರೆ ಜಾಗಗಳಲ್ಲಿಡಿ. ದೊಡ್ಡ ಮೊತ್ತ ಹಾಕುವ ಮೊದಲೇ ವಾಲೆಟ್ ಅಳಿಸಿ, ಆ ಚೀಟಿಯಿಂದ ಮತ್ತೆ ತೆರೆದು ನೋಡಿ. ಚೀಟಿ ಎಲ್ಲಿದೆಯೆಂದು ಮನೆಯ ನಂಬಿಕಸ್ಥರೊಬ್ಬರಿಗೆ ತಿಳಿದಿರಲಿ.

ಕಸ್ಟಮರ್ ಕೇರ್‌ನವರು ಎಂದು ಹೇಳಿಕೊಂಡು ಆ ಪದಗಳನ್ನು ಕೇಳುವವರು ಕಳ್ಳರೇ. ಅನುಮಾನವೇ ಬೇಡ.