ಸುಭಾಸ ರಸ್ತೆಯ ಅಟ್ಟ

ಧಾರವಾಡದ ಸುಭಾಸ ರಸ್ತೆಯಲ್ಲಿ ಲಕ್ಷ್ಮೀ ಭವನದ ಮೇಲಿರುವ ಮನೋಹರ ಗ್ರಂಥಮಾಲೆಯ ಕಚೇರಿಯನ್ನು ಊರವರು ‘ಅಟ್ಟ’ ಎಂದೇ ಕರೆಯುತ್ತ ಬಂದಿದ್ದಾರೆ. ಕೆಳಗೆ ಪೇಟೆಯ ಗದ್ದಲ. ಮೇಲೆ ಪುಸ್ತಕದ ಗಂಟುಗಳ ನಡುವೆ ಕರಡು ತಿದ್ದುವ ಕೆಲಸ, ಅದರ ಮಗ್ಗುಲಲ್ಲೇ ಚಹಾ, ಹರಟೆ, ವಾಗ್ವಾದ. 1971ರಲ್ಲಿ ಕೋಪನ್‌ಹೇಗನ್ನಿನ ಯುವಕರು ಖಾಲಿ ಬಿದ್ದ ಸೈನಿಕ ನೆಲೆಯ ಬೇಲಿ ಮುರಿದು ಒಳಹೊಕ್ಕು ಕ್ರಿಶ್ಚಿಯಾನಿಯಾ ಎಂಬ ತಮ್ಮದೇ ಸ್ವತಂತ್ರ ನೆಲೆ ಕಟ್ಟಿಕೊಂಡರು. ಇಲ್ಲಿ ಯಾರೂ ಬೇಲಿ ಮುರಿಯಲಿಲ್ಲ. ಆದರೂ ಮಠ, ಜಾತಿ, ವಿಶ್ವವಿದ್ಯಾಲಯ ಯಾವುದರ ಅಪ್ಪಣೆಗೂ ಕಾಯದ ಜಾಗವೊಂದು ಈ ಊರಲ್ಲಿ ಇತ್ತು ಎನ್ನುವುದಾದರೆ ಅದು ಇದೇ. ಅದಕ್ಕೆ ಕಾರಣ ಧೈರ್ಯಕ್ಕಿಂತ ಹೆಚ್ಚಾಗಿ ವರ್ಗಣಿ: ಚಂದಾದಾರರು ಮುಂಗಡ ಕೊಟ್ಟು, ಯಾವ ಪುಸ್ತಕ ಬಂದೀತೆಂದು ತಿಳಿಯದೆಯೇ ಕಾಯುತ್ತಿದ್ದರು.

‘ಅದೊಂದು ಪ್ರಕಾಶನದ ಅಂಗಡಿ, ಅದರಲ್ಲಿ ಪ್ರತಿಭಟನೆ ಎಲ್ಲಿಂದ ಬಂತು?’ ಎಂದು ಕೇಳುವವರಿದ್ದಾರೆ. 1933ರಲ್ಲಿ ಆರಂಭವಾದ ಅಂಗಡಿಯೇ, ಸರಿ. ಆದರೆ 1961ರಲ್ಲಿ ಇಪ್ಪತ್ಮೂರರ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವನ್ನೂ, 1965ರಲ್ಲಿ ಅಗ್ರಹಾರದ ಹೆಣವೊಂದನ್ನು ಸುಡುವವರಿಲ್ಲದೆ ಬಿಟ್ಟ ‘ಸಂಸ್ಕಾರ’ ಕಾದಂಬರಿಯನ್ನೂ ಹೊರತಂದದ್ದು ಈ ಅಂಗಡಿಯೇ. ಮಾಲೀಕರಾದ ಜಿ.ಬಿ. ಜೋಶಿ ಜಡಭರತ ಎಂಬ ಹೆಸರಿನಲ್ಲಿ ಬರೆದ ‘ಸತ್ತವರ ನೆರಳು’ ಮಠದ ಒಳಗನ್ನೇ ಬಯಲಿಗಿಟ್ಟಿತು, ಬಿ.ವಿ. ಕಾರಂತರು ಅದನ್ನು ದಾಸರ ಪದಗಳೊಂದಿಗೆ ರಂಗಕ್ಕೆ ತಂದರು. ವ್ಯಾಪಾರದ ಲೆಕ್ಕವೊಂದೇ ಇದ್ದಿದ್ದರೆ ಪಠ್ಯಪುಸ್ತಕ ಅಚ್ಚು ಹಾಕುವುದು ಎಷ್ಟೋ ಸಲೀಸಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಅಟ್ಟದ ಮಾತಿನಲ್ಲಿ ಬ್ರಾಹ್ಮಣ ಗಂಡಸರ ದನಿಯೇ ಮುಂದಿತ್ತು. ಅಗ್ರಹಾರವನ್ನು ಬೈದದ್ದೂ ಅಗ್ರಹಾರದ ಮಕ್ಕಳೇ. ಇದನ್ನು ಅಲ್ಲಗಳೆಯಲಾಗದು. ಅಟ್ಟದ ಒಡನಾಡಿ ಕೀರ್ತಿನಾಥ ಕುರ್ತಕೋಟಿಯವರ ಸೂಕ್ಷ್ಮ ವಿಮರ್ಶೆ ಕೂಡ ಆ ಕೊರತೆ ತುಂಬಲಾರದು. ಆದರೆ ಒಂದು ಅಟ್ಟ ಸಾಲದಾದಾಗ ಊರು ಇನ್ನೊಂದನ್ನು ಹುಡುಕಿಕೊಂಡಿತು: 1964ರಲ್ಲಿ ಲೇಖಕರಾದ ಚಂಪಾ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ‘ಸಂಕ್ರಮಣ’ ಪತ್ರಿಕೆ ತಂದರು. ಮುಂದೆ ಚಂಪಾ ಬಂಡಾಯ ಸಾಹಿತ್ಯದ ದನಿಯಾದರು. ಅವರಿಗೂ ಬೆನ್ನಿಗಿದ್ದದ್ದು ಚಂದಾದಾರರೇ, ಸರಕಾರವಲ್ಲ.

ಬದಲಾದದ್ದು ಚಂದಾದಾರರ ಈ ಆಸರೆಯೇ. ಪುಸ್ತಕೋದ್ಯಮ ಬರಬರುತ್ತ ಗ್ರಂಥಾಲಯಗಳ ಸಗಟು ಖರೀದಿಯ ಮೇಲೆ ನಿಂತಿತು, ಅಂಚೆಯಲ್ಲಿ ಬರುವ ಪುಸ್ತಕಕ್ಕೆ ಕಾಯುವ ಮನೆಗಳು ಕಡಿಮೆಯಾದವು. 2013ರಿಂದ ಧಾರವಾಡ ಸಾಹಿತ್ಯ ಸಂಭ್ರಮ ವಿಶ್ವವಿದ್ಯಾಲಯದ ಸಭಾಂಗಣ ತುಂಬಿಸಿತು, ಒಳ್ಳೆಯದೇ. ಅಲ್ಲಿ ಮಾತಿಗೆ ವೇಳಾಪಟ್ಟಿ ಇತ್ತು, ಅಟ್ಟದ ಜಗಳಕ್ಕೆ ಇರಲಿಲ್ಲ. ಇಷ್ಟಾಗಿಯೂ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿ ಮಾಡಿ ಬಂದಿದ್ದ ಕಾರ್ನಾಡರು 2011ರಲ್ಲಿ ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಕೊಟ್ಟದ್ದು ಇದೇ ಗ್ರಂಥಮಾಲೆಗೆ.