ಅಪ್ಪನ ಎಡಗಾಲು

ನಮ್ಮಪ್ಪನಿಗೆ ಈಗ ಎಡಗಾಲಿಲ್ಲ. ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಉಳಿದದ್ದನ್ನು 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕತ್ತರಿಸಿದರು. ಅದಕ್ಕೆ ಎಂಟು ತಿಂಗಳ ಹಿಂದೆ ಅದೇ ಆಸ್ಪತ್ರೆಯಲ್ಲಿ, ಅದೇ ಕಾಲನ್ನು ಉಳಿಸಲೆಂದು ಅರ್ಧ ದಿನ ಆಪರೇಷನ್ ಮಾಡಿದ್ದರು. ಉಳಿದ ಕಾಲು ಯಾಕೆ ಹೋಯಿತು? ಹೋಗುತ್ತದೆ ಅಂತ ಮೊದಲೇ ತಿಳಿಯುವ ದಾರಿ ಇರಲಿಲ್ಲವೆ? ಇತ್ತು. ಆ ದಾರಿ ನಮ್ಮ ಕೇರಿಯವರೆಗೆ ಬರಲಿಲ್ಲ. ಬಂದಷ್ಟು ದೂರವನ್ನೂ ನಾನು ನಡೆಯಲಿಲ್ಲ. ಇದನ್ನು ಬರೆಯುವುದು ನನಗೆ ಸುಲಭವಲ್ಲ, ಯಾಕೆಂದರೆ ನಾನು ಮಕ್ಕಳಿಗೆ ಓದು ಕಲಿಸುವ ಮೇಷ್ಟ್ರು.

ನಮ್ಮೂರು ವಳ್ಳೂರು, ಪಾವಗಡ ತಾಲ್ಲೂಕು. ಸುತ್ತಲೂ ಆಂಧ್ರದ ಗಡಿ. ನಮ್ಮ ಕೇರಿಯಲ್ಲಿ ಆಡೋದು ತೆಲುಗು, ಶಾಲೆಯಲ್ಲಿ ಕಲಿಯೋದು ಕನ್ನಡ, ಆಸ್ಪತ್ರೆ ಚೀಟಿಯಲ್ಲಿ ಇರೋದು ಇಂಗ್ಲಿಷು. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಪಾವಗಡ ಅದರಲ್ಲಿತ್ತು. ಪಕ್ಕದ ಮಧುಗಿರಿ, ಶಿರಾಗಳೂ ಇದ್ದವು. 2018ರಲ್ಲಿ ಸೋಲಾರ್ ಪಾರ್ಕ್ ಬಂತು. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು — ಐದು ಊರುಗಳ ಸುಮಾರು 13,000 ಎಕರೆಯ ಮೇಲೆ ಗಾಜಿನ ಹಲಗೆ ಹೊದಿಸಿದರು. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತಾಯಿತು. ಆ ಭೂಮಿಯಲ್ಲಿ ಕಡಲೆಕಾಯಿ ಕಿತ್ತು ಬದುಕಿದ್ದ ಕೂಲಿಯವರ ಬೆವರಿಗೆ ಬಾಡಿಗೆ ಗೊತ್ತು ಮಾಡಿದವರು ಯಾರೂ ಇಲ್ಲ.

ಅಪ್ಪ ಹಗಲು ಕೂಲಿ, ರಾತ್ರಿ ಬುಡ್ಡಿ ಬೆಳಕಲ್ಲಿ ಎಕ್ಕಡ ಹೊಲಿಯುತ್ತ ನಮ್ಮನ್ನು ಸಾಕಿದವನು. ಊರಿನ ಎಷ್ಟೋ ಕಾಲುಗಳ ಅಳತೆ ಅವನ ಕೈಯಲ್ಲಿತ್ತು. ತನ್ನ ಕಾಲಿಗೆ ಬಂದದ್ದು ಮಾತ್ರ ತಿಳಿಯಲಿಲ್ಲ. ನೂರು ಹೆಜ್ಜೆ ಹಾಕಿದರೆ ಮೀನಖಂಡ ಹಿಂಡಿದ ಹಾಗೆ ನೋವು. ನಿಂತರೆ ಕಮ್ಮಿ. ಮತ್ತೆ ನಡೆದರೆ ಮತ್ತೆ ನೋವು. "ವಾಯು ಕಣೋ" ಅಂದ. ಒಬ್ಬ ಡಾಕ್ಟರೂ ಅದನ್ನೇ ಹೇಳಿ ಸೂಜಿ ಚುಚ್ಚಿ ಕಳಿಸಿದರು. ದಿನಕ್ಕೆ ಎರಡು ಕಟ್ಟು ಬೀಡಿ, ಜೊತೆಗೆ ಗೊತ್ತೇ ಇರದ ಸಕ್ಕರೆ ಕಾಯಿಲೆ. 2019ರ ದೀಪಾವಳಿ ಹೊತ್ತಿಗೆ ಹೆಬ್ಬೆರಳು ಕಪ್ಪಾಯಿತು. ಆಗ ಬೆಂಗಳೂರಿಗೆ ಓಡಿದೆವು.

ತೊಡೆಯಿಂದ ಕೆಳಗೆ ರಕ್ತ ಒಯ್ಯುವ ದೊಡ್ಡ ನಾಳ ಮುಚ್ಚಿಹೋಗಿತ್ತು. ಅದೇ ಕಾಲಿನ ಚರ್ಮದ ಅಡಿ, ಹರಡಿನಿಂದ ತೊಡೆಸಂದಿನವರೆಗೆ ಹೋಗುವ ಉದ್ದನೆಯ ಸಿರೆಯನ್ನು ಬಿಡಿಸಿ, ಮುಚ್ಚಿದ ಜಾಗವನ್ನು ಬಳಸಿ ಹೋಗುವ ಹಾಗೆ ಹೊಲಿದರು. ಒಡೆದ ಕಾಲುವೆಗೆ ಬದುವಿನ ಮೇಲೆ ಬೇರೆ ಕಾಲುವೆ ತೋಡಿದ ಹಾಗೆ. ಪ್ಯಾರಿಸ್ಸಿನಲ್ಲಿ ಕುನ್ಲಾ ಎಂಬ ಡಾಕ್ಟರು 1948ರಲ್ಲಿ ಮೊದಲು ಮಾಡಿದ ಆಪರೇಷನ್ ಇದು. ಕಾಲಿಗೆ ಈ ಕೆಲಸಕ್ಕೆ ಪ್ಲಾಸ್ಟಿಕ್ ನಾಳಕ್ಕಿಂತ ರೋಗಿಯ ಸ್ವಂತ ಸಿರೆಯೇ ಒಳ್ಳೆಯದು ಎಂಬುದು ಇವತ್ತಿಗೂ ನಿಂತ ಮಾತು. ಮೂರನೇ ದಿನ ಪಾದ ಬೆಚ್ಚಗಾಯಿತು. ಅವ್ವ ಆ ಪಾದ ಹಿಡಿದುಕೊಂಡು ಅತ್ತಳು.

ಆದರೆ ಈ ಸಿರೆಗೆ ಒಂದು ಕಷ್ಟವಿದೆ. ಹುಟ್ಟಿದಾಗಿನಿಂದ ಅದು ಮಾಡಿದ್ದು ಕೆಳಗಿನ ರಕ್ತವನ್ನು ಮೆಲ್ಲಗೆ ಮೇಲಕ್ಕೆ ಸಾಗಿಸುವ ಕೆಲಸ. ಒತ್ತಡ ಕಂಡದ್ದೇ ಇಲ್ಲ. ಈಗ ಒಮ್ಮೆಗೇ ಹೃದಯದ ಪೂರಾ ಹೊಡೆತ ಅದರ ಮೇಲೆ ಬೀಳುತ್ತದೆ. ತಡೆದುಕೊಳ್ಳಲು ಗೋಡೆ ದಪ್ಪವಾಗುತ್ತದೆ. ಹದವಾಗಿ ದಪ್ಪವಾದರೆ ಸಿರೆ ಬಾಳುತ್ತದೆ. ಹೊಲಿದ ಕಡೆ, ಕವಾಟವಿದ್ದ ಕಡೆ, ಗಾಯವಾದ ಕಡೆ ಒಳಪದರ ಮಿತಿಮೀರಿ ಬೆಳೆದರೆ ದಾರಿ ಇಕ್ಕಟ್ಟಾಗುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ಅವನು ಅಂದ: "ಗೊತ್ತು ಬಿಡು. ತೊಗಲು ಉಜ್ಜೋ ಕಡೇನೇ ಆಣಿ ಕಟ್ಟೋದು."

ಮೊದಲ ತಿಂಗಳಲ್ಲೇ ಮುಚ್ಚಿದರೆ ಅದು ಹೆಚ್ಚಾಗಿ ಹೊಲಿಗೆಯ ಅಥವಾ ಸಿರೆಯ ದೋಷ. ಎರಡು ವರ್ಷ ದಾಟಿ ಮುಚ್ಚಿದರೆ ಹಳೆಯ ಕಾಯಿಲೆಯೇ ಮುಂದುವರಿದದ್ದು. ಈ ನಡುವಿನ ಕಾಲದಲ್ಲಿ ಕದ್ದು ಬರುವುದು ಈ ಇಕ್ಕಟ್ಟು. ನಾಲ್ಕರಲ್ಲಿ ಒಂದು, ಮೂರರಲ್ಲಿ ಒಂದು ಸಿರೆಗೆ ಇದು ಬರುತ್ತದೆ. ಇಕ್ಕಟ್ಟಾದಾಗಲೇ ಹಿಡಿದರೆ ಬಲೂನು ಹಾಕಿ ಹಿಗ್ಗಿಸಬಹುದು, ಚಿಕ್ಕ ಆಪರೇಷನ್ನಿನಲ್ಲಿ ಸರಿ ಮಾಡಬಹುದು. ಪೂರಾ ಮುಚ್ಚಿಕೊಂಡ ಮೇಲೆ ಆ ಸಿರೆಯನ್ನು ಉಳಿಸುವುದು ಬಹಳ ಕಷ್ಟ. ಕಾಲು ಉಳಿಯುವುದೂ ಹೋಗುವುದೂ ಈ ಅಂತರದಲ್ಲಿ.

ಹಾಗಾದರೆ ಮೊದಲೇ ಹಿಡಿಯುವುದು ಹೇಗೆ? ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಒತ್ತಿ ನೋಡಿ. ಇಕ್ಕಟ್ಟಾದ ಕಡೆ ನೀರು ಚಿಮ್ಮಿ ಓಡುತ್ತದೆ. ರಕ್ತವೂ ಹಾಗೆಯೆ. ಡಾಪ್ಲರ್ ಸ್ಕ್ಯಾನು ಹೊರಗಿನಿಂದಲೇ, ಸೂಜಿಯಿಲ್ಲದೆ, ಆ ವೇಗ ಅಳೆಯುತ್ತದೆ. ಒಂದು ಜಾಗದಲ್ಲಿ ರಕ್ತ ಸೆಕೆಂಡಿಗೆ 300 ಸೆಂಟಿಮೀಟರು ದಾಟಿ ಓಡಿದರೆ, ಅಥವಾ ಅದರ ಹಿಂದಿನ ಜಾಗಕ್ಕಿಂತ ಮೂರೂವರೆ ಪಟ್ಟು ಓಡಿದರೆ, ಅಪಾಯ. ಇನ್ನೊಂದು ಅಗ್ಗದ ಅಳತೆ: ಹರಡಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸುವುದು. ಆರೋಗ್ಯವಂತರಲ್ಲಿ ಅದು ಒಂದರ ಆಸುಪಾಸು. ಆಪರೇಷನ್ ಆದ ಮೇಲೆ ಇದ್ದದ್ದಕ್ಕಿಂತ 0.15 ಇಳಿದರೆ ಎಚ್ಚರ. ಯಾರಿಗೆ ಅಪಾಯ ಹೆಚ್ಚು ಎಂಬುದೂ ಒಂದು ಮಟ್ಟಿಗೆ ಗೊತ್ತಿದೆ. ಸಿರೆ 3 ಮಿಲಿಮೀಟರಿಗಿಂತ ಸಣ್ಣದಿದ್ದವರು. ತುಂಡು ತುಂಡು ಸಿರೆ ಜೋಡಿಸಿಕೊಂಡವರು. ಸುಮಾರು ಆರನೇ ವಾರದ ಸ್ಕ್ಯಾನಿನಲ್ಲೇ ದೋಷ ಕಂಡವರು. ಬೀಡಿ ಬಿಡದವರು — ಧೂಮಪಾನ ಮಾಡುವವರಲ್ಲಿ ಸಿರೆ ಕೆಡುವುದು ಸುಮಾರು ಮೂರು ಪಟ್ಟು ಹೆಚ್ಚು.

ಇದೆಲ್ಲ ನಾನು ಕಲಿತದ್ದು ಕಾಲು ಹೋದ ಮೇಲೆ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಚೀಟಿಯ ಕೊನೆಯ ಸಾಲಿನಲ್ಲಿ ಆರು ವಾರಕ್ಕೆ ಸ್ಕ್ಯಾನು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಯಾಕೆ, ಮಾಡಿಸದಿದ್ದರೆ ಏನಾಗುತ್ತೆ ಎಂದು ಯಾರೂ ಹೇಳಲಿಲ್ಲ. ಆದರೆ ನಾನು ಆ ಸಾಲು ಓದಿದ್ದೆ. ಗಾಯ ಮಾಗಿತ್ತು. ಅಪ್ಪ ಗುಡಿಸಲ ಮುಂದೆ ಓಡಾಡುತ್ತಿದ್ದ. ಬೆಂಗಳೂರು 150 ಕಿಲೋಮೀಟರಿಗೂ ದೂರ. ಇಬ್ಬರ ಬಸ್ ಚಾರ್ಜು, ನನ್ನದೊಂದು ರಜ, ತಮ್ಮನ ಒಂದು ದಿನದ ಕೂಲಿ. "ಚೆನ್ನಾಗೇ ಇದೀನಲ್ಲೋ, ಯಾಕೆ ದುಡ್ಡು ದಂಡ?" ಅಂದ. ನನಗೂ ಅದೇ ಬೇಕಿತ್ತು. ಮಾರ್ಚ್ ಕಡೆಗೆ ಹೋಗೋಣ ಅಂದುಕೊಂಡೆ. 2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಜೂನಿನಲ್ಲಿ ಪಾದ ಮತ್ತೆ ತಣ್ಣಗಾಯಿತು. ಅಪ್ಪ ಹೇಳಲಿಲ್ಲ. ಎರಡು ಕಟ್ಟು ಬೀಡಿ ಒಂದಾಗಿತ್ತು, ಪೂರಾ ಬಿಟ್ಟಿರಲಿಲ್ಲ; ನಾನು ಬೈಯುತ್ತೇನೆಂದು ಸುಮ್ಮನಿದ್ದ. ನಾವು ಬೆಂಗಳೂರು ಸೇರುವ ಹೊತ್ತಿಗೆ ಸಿರೆ ಮುಚ್ಚಿತ್ತು.

ಸ್ಕ್ಯಾನು ಮಾಡಿಸಿದ್ದರೆ ಕಾಲು ಉಳಿಯುತ್ತಿತ್ತೆ? ಹಾಗೆಂದು ಎದೆ ತಟ್ಟಿ ಹೇಳಲಾರೆ. 594 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಒಂದು ಅಧ್ಯಯನ 2005ರಲ್ಲಿ ಬಂತು. ಒಂದು ಗುಂಪಿಗೆ ಗೊತ್ತಾದ ತಿಂಗಳುಗಳಲ್ಲಿ ಸ್ಕ್ಯಾನು. ಇನ್ನೊಂದು ಗುಂಪಿಗೆ ಅದೇ ತಿಂಗಳುಗಳಲ್ಲಿ ಡಾಕ್ಟರು ಕಾಲು ಮುಟ್ಟಿ ನೋಡಿ, ನೋವು ವಿಚಾರಿಸಿ, ಹರಡಿನ ಬಿ.ಪಿ. ನೋಡುವುದು ಅಷ್ಟೆ. ಒಂದೂವರೆ ವರ್ಷದಲ್ಲಿ ಕಾಲು ಕಳೆದುಕೊಂಡವರು ಎರಡೂ ಗುಂಪಿನಲ್ಲಿ ನೂರಕ್ಕೆ ಏಳು. ಇದನ್ನು ಓದಿ ಮೊದಲು ನನಗೆ ಸಮಾಧಾನವಾಯಿತು. ನನ್ನ ತಪ್ಪು ಸಣ್ಣದಾಯಿತು ಅನ್ನಿಸಿತು. ಆಮೇಲೆ ತಿಳಿಯಿತು. ಅಲ್ಲಿ ಯಂತ್ರ ಸಿಗದ ಗುಂಪಿಗೂ ಒಬ್ಬ ಡಾಕ್ಟರು ಸಿಕ್ಕಿದ್ದ. ಕರೆದು, ಮುಟ್ಟಿ, "ನಡೆದರೆ ನೋವಾಗುತ್ತಾ?" ಎಂದು ಕೇಳಿದ್ದ. ನಮ್ಮಪ್ಪ ಎರಡು ಗುಂಪಿಗೂ ಸೇರಿದವನಲ್ಲ. ಅವನದು ಯಾರೂ ಮುಟ್ಟದ ಮೂರನೇ ಗುಂಪು. ಮುಟ್ಟದಿರುವುದು ನಮಗೆ ಹೊಸದೇನೂ ಅಲ್ಲವಲ್ಲ!

ಇನ್ನೊಂದು ಲೆಕ್ಕ ಅಮೆರಿಕದ್ದು. ಸಿರೆ ದಪ್ಪವಾಗುವುದನ್ನು ತಡೆಯಲು ಒಂದು ಔಷಧಿ ಕಂಡುಹಿಡಿದು ಅಮೆರಿಕ, ಕೆನಡಾಗಳ 1,404 ರೋಗಿಗಳಲ್ಲಿ ಪರೀಕ್ಷಿಸಿದರು. 2006ರಲ್ಲಿ ಫಲ ಬಂತು: ಔಷಧಿ ಸೋತಿತ್ತು. ಆದರೆ ಅದೇ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದವರಿಗೆ 2009ರಲ್ಲಿ ಬೇರೊಂದು ಸತ್ಯ ಸಿಕ್ಕಿತು. ಸಿರೆ ಕೆಡುವುದು, ಕಾಲು ಹೋಗುವುದು ಕಪ್ಪು ಜನರಲ್ಲಿ ಹೆಚ್ಚು. ಎಲ್ಲರಿಗಿಂತ ಹೆಚ್ಚು ಕಪ್ಪು ಹೆಂಗಸರಲ್ಲಿ. ಅವರು ತಮ್ಮ ರೋಗಿಗಳ ಬಣ್ಣ ಬರೆದುಕೊಂಡಿದ್ದರು, ಅದಕ್ಕೇ ಗೊತ್ತಾಯಿತು. ನಮ್ಮಪ್ಪನ ಚೀಟಿಯಲ್ಲಿ ವಯಸ್ಸಿತ್ತು, ಸಕ್ಕರೆ ಇತ್ತು, ಬೀಡಿಯೂ ಇತ್ತು. ಆಸ್ಪತ್ರೆಗೆ ಎಷ್ಟು ದೂರ, ಒಂದು ದಿನದ ಕೂಲಿ ತಪ್ಪಿದರೆ ಒಲೆ ಹಚ್ಚುತ್ತಾರೋ ಇಲ್ಲವೋ, ಚೀಟಿಯ ಭಾಷೆ ಮನೆಯವರಿಗೆ ಬರುತ್ತದೋ ಇಲ್ಲವೋ — ಇವಕ್ಕೆ ಅಲ್ಲಿ ಜಾಗವಿರಲಿಲ್ಲ. ಸಿರೆ ಮುಚ್ಚುತ್ತದೆಂದು ಮುಂದಾಗಿ ಹೇಳಬೇಕಾದರೆ ಇವನ್ನೂ ಅಳೆಯಬೇಕಲ್ಲವೆ? ಸಿರೆಯ ಅಗಲ ಮಿಲಿಮೀಟರಿನಲ್ಲಿ ಅಳೆದವರಿಗೆ ವಳ್ಳೂರಿನ ದೂರ ಅಳೆಯುವುದು ಕಷ್ಟವೆ?

ಗೆಳೆಯರೆ, ನಾನು ಕೇಳುವುದು ದೊಡ್ಡದಲ್ಲ. ಬಿಡುಗಡೆಯ ಚೀಟಿ ಕನ್ನಡದಲ್ಲಿರಲಿ. ಸ್ಕ್ಯಾನಿನ ದಿನಕ್ಕೆ ಬಸ್ ಚಾರ್ಜೂ ಕೂಲಿಯೂ ಸಿಗಲಿ. ಕಾಲಿನ ಬಿ.ಪಿ. ನೋಡುವ ಕೈಯಗಲದ ಡಾಪ್ಲರು ತಾಲ್ಲೂಕು ಆಸ್ಪತ್ರೆಗೆ ಬರಲಿ. ಅಲ್ಲಿಯವರೆಗೆ ಹಳ್ಳಿಯ ಮೇಷ್ಟ್ರುಗಳು, ಸಂಘದ ಹುಡುಗರು ಇಷ್ಟಾದರೂ ಕೇಳಿ: ನಡೆದರೆ ಮೀನಖಂಡ ಹಿಡಿಯುತ್ತಾ? ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯಾ? ಬೆರಳ ಗಾಯ ಮಾಗದೆ ಉಳಿದಿದೆಯಾ? ಬೀಡಿ ನಿಂತಿದೆಯಾ? ಕೇಳುವಾಗ ಬೈಯಬೇಡಿ. ಬೈದರೆ ಮುಚ್ಚಿಡುತ್ತಾರೆ.

ಅಪ್ಪನಿಗೆ ಈಗ ಜೈಪುರದ ಕಾಲು ಬಂದಿದೆ. ಬೀಡಿ ಬಿಟ್ಟಿದ್ದಾನೆ. ದಿನಾ ಸಂಜೆ ಶಾಲೆಯಿಂದ ಬಂದು ಅವನ ಬಲಗಾಲ ಪಾದವನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. ಮೊದಮೊದಲು ನಾಚಿಕೊಂಡು ಎಳೆದುಕೊಳ್ಳುತ್ತಿದ್ದ. "ಮೇಷ್ಟ್ರು ಕಾಲು ಹಿಡೀಬಾರ್ದು ಕಣೋ" ಅನ್ನುತ್ತಿದ್ದ. ಈಗ ಅವನೇ ಚಾಚುತ್ತಾನೆ. ಹೋದ ವಾರ ರಂಪಿಗೆ, ದಬ್ಬಣ ಹುಡುಕಿ ತೆಗೆದು ಎರಡು ಎಕ್ಕಡ ಹೊಲಿದ. ಒಂದು ಸಾಕಲ್ಲವಾ ಅಂದೆ. "ಜೋಡಿ ಹೊಲಿಯೋದೇ ನನಗೆ ಬರೋದು" ಅಂದ.

ಪಾದ ಬೆಚ್ಚಗಿತ್ತು.